ಕುಂಚಾವರಂ ದಾರಿಯ ಬಾಗಿಲು

ನಮ್ಮ ಅಂಗಡಿಯ ಹಿಂದಿನ ಮನೆಗೆ ಹೆರಿಗೆಗೆ ಬಂದ ಮಗಳು ಈಗ ಬಾಣಂತಿ. ಬೆಳಗಾಗುತ್ತಲೂ ಅವರ ಹಿತ್ತಲಿನಿಂದ ಬಾಣಂತಿಗೂ ಕೂಸಿಗೂ ಹಾಕುವ ಲೋಬಾನದ ಹೊಗೆ, ಅದರ ಹಿಂದೆಯೇ ಅಜವಾನ ಸುಟ್ಟ ಘಾಟು, ಗೋಡೆ ಹಾರಿ ಬಂದು ನನ್ನ ಹಿತ್ತಾಳೆ ಸಾಮಾನುಗಳ ನಡುವೆ ಕುಳಿತುಬಿಡುತ್ತದೆ. ಗಿರಾಕಿಗಳು "ಏನ್ ಛಂದ ವಾಸನಿ ಬರ್ಲಿಕತ್ತದ್ರಿ" ಎನ್ನುತ್ತಾರೆ. ನನಗೆ ಮಾತ್ರ ಅದು ಮೂಗಿಗೆ ತಾಗಿದ ಕೂಡಲೇ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಕಿವಿ ತಾನಾಗಿಯೇ ಮಾಳಿಗೆಯ ಕಡೆಗೆ ಹೋಗುತ್ತದೆ, ಎಲ್ಲಾದರೂ ಮಣ್ಣು ಉದುರುವ ಸಪ್ಪಳ ಕೇಳುತ್ತಿದೆಯೇ ಎಂದು. ನಮ್ಮ ಅಂಗಡಿಯ ಮೇಲಿರುವುದು ತಗಡು. ಉದುರಲು ಮಣ್ಣೇ ಇಲ್ಲ. ಆದರೂ ಕೇಳಿಸಿಕೊಳ್ಳುತ್ತೇನೆ.

ಯಾಕೆಂದು ಹೇಳುತ್ತೇನೆ. ಆದರೆ ನೇರವಾಗಿ ಹೇಳಲು ನನಗೆ ಬರುವುದಿಲ್ಲ. ಹಳೆಯ ಸಾಮಾನು ಹುಡುಕುವವರ ಬುದ್ಧಿಯೇ ಹಾಗೆ. ಒಂದನ್ನು ತರಲು ಹೋಗಿ ಹಾದಿಯಲ್ಲಿ ಸಿಕ್ಕ ಎಲ್ಲವನ್ನೂ ಎತ್ತಿ, ತಿರುವಿ, ತಟ್ಟಿ ನೋಡುತ್ತಾರೆ.

ನಾನು ಹುಟ್ಟಿದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಯಾರೋ ಬಿಸಾಡಿದ್ದನ್ನು ಮನೆಗೆ ತರುವ ಚಟ. ಹಿಡಿಕೆ ಮುರಿದ ಕಂದೀಲು, ಮುಳ್ಳಿಲ್ಲದ ಗಡಿಯಾರ, ಒಂದೇ ತಟ್ಟೆಯ ತಕ್ಕಡಿ. ಭಾನುವಾರ ಅಂಗಳದಲ್ಲಿ ಅವನ್ನು ಬಿಚ್ಚಿ ಹಾಕಿ ಕೂತರೆ ನಾನು ಎದುರಿಗೆ. ಆ ಚಟ ನನ್ನ ಜೊತೆಯಲ್ಲೇ ಸೇಡಂಗೆ ಗಂಡನ ಮನೆಗೆ ಬಂತು. ನಮ್ಮ ಕಡೆ ಗುಜರಿ ಸಾಮಾನಿಗೆ ಭಂಗಾರ ಎನ್ನುತ್ತಾರೆ. ನಮ್ಮ ಅತ್ತೆಯವರು ಓಣಿಯ ಹೆಂಗಸರ ಮುಂದೆ, ಆ ಮಹಾಪ್ರಾಣವನ್ನು ಹೊಟ್ಟೆಯಿಂದ ಎತ್ತಿ, "ಮಂದಿ ಸೊಸ್ತೇರು ಬಂಗಾರ ತರ್ತಾರ, ನಮ್ಮಾಕಿ ಭಂಗಾರ ತಂದಾಳ ನೋಡ್ರಿ" ಎನ್ನುತ್ತಿದ್ದರು. ನಾನು ಕೇಳಿಸಿಕೊಂಡೂ ಕೇಳಿಸದವಳಂತೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುತ್ತಿದ್ದೆ. ಶಹಾಬಾದಿನಲ್ಲಿ ಮದುವೆಗೆ ಹೋದರೆ ಊಟದ ಪಂಗತಿ ಬಿಟ್ಟು ಅವರ ಅಟ್ಟ ನೋಡುತ್ತಿದ್ದೆ. ಸನ್ನತಿಗೆ ದೇವಿಯ ದರ್ಶನಕ್ಕೆ ಹೋದಾಗ ಹೊಳೆದಂಡೆಯ ಒಂದು ಮನೆಯಲ್ಲಿ ಕೋಳಿ ಮುಚ್ಚಿಟ್ಟಿದ್ದ ತಾಮ್ರದ ಹಂಡೆ ಕಂಡು, ಕೋಳಿಗೆ ಹೊಸ ಬುಟ್ಟಿ ಕೊಡಿಸಿ ಹಂಡೆ ತಂದಿದ್ದೆ. ಆ ದಿನ ದೇವಿಗೆ ಕೈಮುಗಿದೆನೋ ಇಲ್ಲವೋ ನೆನಪಿಲ್ಲ.

ಇದು ವ್ಯಾಪಾರವಾದದ್ದು ಮಗಳು ಶಿವಲೀಲೆಯಿಂದ. ಅವಳು ಆ ಹಂಡೆಯ ಫೋಟೋವನ್ನು ಫೋನಿನಲ್ಲಿ ಹಾಕಿದಳು. ಕಲಬುರಗಿಯಿಂದ ಯಾರೋ ಬಂದು ಒಯ್ದರು. ಆಮೇಲೆ ಇನ್ನೊಬ್ಬರು. ಆಮೇಲೆ ಹೈದರಾಬಾದಿನವರು. ನಮ್ಮನೆಯವರು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ಮಾತು ಕಡಿಮೆ, ಕೈ ಚುರುಕು. ಕೆಲವು ವರ್ಷ ಸುಮ್ಮನೆ ನೋಡಿದರು. ಒಂದು ಸಂಜೆ ಬಂದವರೇ ಊಟದ ಡಬ್ಬಿ ಕೆಳಗಿಟ್ಟು, "ಕೆಲಸಕ್ಕ ರಾಜೀನಾಮಾ ಕೊಟ್ಟ ಬಂದೀನಿ. ನಾಳಿಂದ ನಿಮ್ಮ ಜೋಡಿ" ಎಂದರು. ಅತ್ತೆಯವರು ಗೋಡೆಗೆ ಮುಖ ಮಾಡಿ ಮಲಗಿದರು. ನಾನು ಸಂತೋಷಪಡಬೇಕಿತ್ತು. ಆಗಲಿಲ್ಲ. ಅಲ್ಲಿಯವರೆಗೆ ಒಂದು ಸಾಮಾನು ಸಿಗದಿದ್ದರೆ ನನ್ನ ಮನಸ್ಸಿಗೆ ಮಾತ್ರ ಬೇಸರ. ಇನ್ನು ಮೇಲೆ ಸಿಗದಿದ್ದರೆ ಮನೆಯ ಒಲೆಯ ಮಾತು.

ಸೇಡಂನ ಹೊರಗೆ ಮುಚ್ಚಿಹೋದ ದಾಲ್ ಮಿಲ್ಲಿನ ಒಂದು ತಗಡಿನ ಶೆಡ್ಡನ್ನು ಅಂಗಡಿಗೆಂದು ಬಾಡಿಗೆಗೆ ಹಿಡಿದೆವು. ಹಳೆಯದೊಂದು ಟೆಂಪೋ ಬಂತು. ಬಡಗಿ ಮೌನೇಶ ಜೊತೆಗೂಡಿದ. ಮೊದಲ ದೊಡ್ಡ ಬೇಡಿಕೆ ಬಂದದ್ದೂ ಆಗಲೇ. ಹೈದರಾಬಾದಿನಲ್ಲಿ ಹೊಸ ಹೋಟೆಲು ಕಟ್ಟುತ್ತಿದ್ದವರಿಗೆ ಹಳೆಯ ಕಾಲದ ದೊಡ್ಡ ಬಾಗಿಲು ಬೇಕಿತ್ತು, ಚೌಕಟ್ಟು ಹೊಸ್ತಿಲು ಸಮೇತ. ಇದು ಒಪ್ಪಿಗೆಯಾದರೆ ಕಿಟಕಿ, ಕಂಬ, ಎಲ್ಲ ನಮ್ಮಿಂದಲೇ ಎಂದಿದ್ದರು. ಶಿವಲೀಲಾ ಅವರಿಗೆ ಮಾತು ಕೊಟ್ಟುಬಿಟ್ಟಿದ್ದಳು.

ಬಾಗಿಲು ಸಿಕ್ಕಿತು. ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ದಾರಿಯಲ್ಲಿ ಒಂದು ಸಣ್ಣ ಹಳ್ಳಿ, ಅಲ್ಲಿ ವೆಂಕಟರೆಡ್ಡಿ ಎಂಬವರ ಹಳೆಯ ಮನೆ. ಕೆಡವಿ ಹೊಸದು ಕಟ್ಟುತ್ತೇನೆಂದು ಅವರೇ ಫೋನು ಮಾಡಿದ್ದರು. ಎರಡು ಪಡಕಿನ, ಅಂದರೆ ಎರಡು ಕದದ, ತೇಗದ ಬಾಗಿಲು, ಮೇಲೆಲ್ಲ ಹಿತ್ತಾಳೆಯ ಗುಬ್ಬಿಮೊಳೆಗಳು, ಚೌಕಟ್ಟಿನ ನೆತ್ತಿಯಲ್ಲಿ ಎದುರುಬದುರು ಕೂತ ಎರಡು ಗಿಳಿಗಳು. ಆ ಗಿಳಿಗಳ ಕೊಕ್ಕನ್ನು ಎರಡೆರಡು ಸಲ ಸವರಿದ್ದು ನಿಜ. ಆಸೆಯಿಂದಲೇ.

"ಮನಿ ಖಾಲಿ ಅದ ಏನ್ರಿ?" ಎಂದು ನಮ್ಮನೆಯವರು ಕೇಳಿದರು.

"ಖಾಲಿ ಅದ್ರಿ. ಒಳಕೋಣ್ಯಾಗ ತೊಗರಿ ಚೀಲ ಅವ, ಅದಕ್ಕ ಮುಚ್ಚೀನಿ" ಎಂದರು ವೆಂಕಟರೆಡ್ಡಿ.

ಪಡಸಾಲೆಯಲ್ಲಿ ಲೋಬಾನದ ವಾಸನೆಯಿತ್ತು. ಕೇಳಿದೆ. ಸೊಳ್ಳೆಗೆ ಹೊಗೆ ಹಾಕಿದ್ದೆ ಎಂದರು. ಆಗಬಹುದು ಅನ್ನಿಸಿತು. ಬಾಗಿಲಿನ ಚೆಲುವಿನ ಮುಂದೆ ಬೇರೆ ಏನನ್ನಾದರೂ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಪಡಕುಗಳನ್ನು ಕಳಚಿ ಟೆಂಪೋಕ್ಕೆ ಒರಗಿಸಿದ್ದಾಯಿತು. ಇನ್ನು ಚೌಕಟ್ಟು. ಮಣ್ಣು ಕಲ್ಲಿನ ಗೋಡೆ. ಮೇಲಿನ ಭಾರಕ್ಕೆ ಎರಡು ಕಂಬ ಆಸರೆ ಕೊಟ್ಟು, ಮೌನೇಶ ಒಂದು ಪಕ್ಕವನ್ನು ಹಾರೆಯಿಂದ ಬಿಡಿಸಿದ. ಹೊರಗಿನಿಂದ ಗಟ್ಟಿಯಾಗಿ ಕಾಣುತ್ತಿದ್ದ ಗೋಡೆಯ ಹೊಟ್ಟೆಯನ್ನು ಹೆಗ್ಗಣಗಳು ತಿಂದು ಹಾಕಿದ್ದವೆಂದು ನಮಗೇನು ಗೊತ್ತು? ಚೌಕಟ್ಟು ಒಂದು ಬೆರಳಿನಷ್ಟು ಮುಂದೆ ಸರಿಯಿತು. ಮೇಲಿನಿಂದ ಒಣಮಣ್ಣು ಗಿರಣಿಯ ಹಿಟ್ಟಿನಂತೆ ಸುರಿಯತೊಡಗಿತು. ಒಂದು ಕಲ್ಲು ಧೊಪ್ಪೆಂದು ಪಡಸಾಲೆಯಲ್ಲಿ ಬಿತ್ತು.

ಆ ಸಪ್ಪಳಕ್ಕೆ ಒಳಗೆ ಒಂದು ಕೂಸು ಅತ್ತಿತು.

ಮೌನೇಶ ಹಾರೆ ಎತ್ತಿದ ಕೈಯಲ್ಲೇ, "ಬೆಕ್ಕೇನ್ರಿ?" ಎಂದ.

"ಬೆಕ್ಕಲ್ಲ" ಎಂದರು ನಮ್ಮನೆಯವರು. ಎಂದವರೇ ಹಾರಿ ಚೌಕಟ್ಟಿಗೆ ಹೆಗಲು ಕೊಟ್ಟರು. "ಮೌನೇಶಾ, ಟೆಂಪೋದಾಗಿನ ಜಾಕ್ ತಾ. ಲಗೂ! ಮತ್ತೆರಡು ಕಂಬ ತಾ!"

ನಾನು ವೆಂಕಟರೆಡ್ಡಿಯ ಕಡೆ ತಿರುಗಿದೆ. "ಒಳಗ ಯಾರ ಅದಾರ?"

ಆತ ನನ್ನ ಮುಖ ನೋಡಲಿಲ್ಲ. "ನನ್ನ ತಮ್ಮನ ಹೆಂಡ್ತಿ. ತಮ್ಮ ಲಾರಿ ಮ್ಯಾಲ ಹೋಗ್ಯಾನ. ಇಕಿಗಿ ಹೊರಗ ಬಾ, ತವರಮನಿಗಿ ಹೋಗು ಅಂದ್ರ ಬರವಲ್ಲಳು. ಕೆಡವ ಸಪ್ಪಳ ಕೇಳಿದ್ರ ತಾನಾಗೇ ಎದ್ದು ಬರ್ತಾಳ ಅಂತ..."

ಮಾತು ಮುಗಿಯುವ ಮುಂಚೆ ಇನ್ನೊಂದು ಕಲ್ಲು ಬಿತ್ತು. ಹಿಂದೆ ಬಾಗಿಲಿದೆಯೇ ಎಂದು ಕೇಳಿದೆ. ಇತ್ತಂತೆ, ಅದಕ್ಕೆ ಕಲ್ಲು ಪೇರಿಸಿ ಮುಚ್ಚಿಸಿದ್ದನಂತೆ. ಅಂದರೆ ಆ ಮನೆಗೆ ಇದ್ದದ್ದು ಒಂದೇ ದಾರಿ. ಅದರ ಕೆಳಗೆ ನನ್ನ ಗಂಡ ಹೆಗಲು ಕೊಟ್ಟು ನಿಂತಿದ್ದರು, ಕತ್ತಿನ ನರಗಳು ಹಗ್ಗದಂತೆ ಎದ್ದಿದ್ದವು.

ನಾನು ಸೆರಗು ಸಿಕ್ಕಿಸಿದೆ. ಅವರಿಗೆ ತಿಳಿಯಿತು. "ನೀ ಹೋಗಬ್ಯಾಡ. ಜಾಕ್ ಕೂಡ್ಲಿ, ತಡಿ."

"ಅಲ್ಲೀತನ ಗೋಡಿ ತಡೀತದೇನ್ರಿ? ಬಾಣಂತಿ ಕೋಣಿಗಿ ನೀವು ಹೋಗ್ತೀರೇನು?"

ಅವರು ಸ್ವಲ್ಪ ಪಕ್ಕಕ್ಕೆ ವಾಲಿ, ನಾನು ನುಸುಳುವಷ್ಟು ದಾರಿ ಮಾಡಿದರು. ಅವರ ತೋಳಿನ ಕೆಳಗೆ ಬಾಗಿ ಒಳಗೆ ದಾಟಿದೆ.

ಪಡಸಾಲೆಯ ತುಂಬ ದೂಳು. ಒಳಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಕೈಯಿಂದ ಬಡಿದೆ. "ತಂಗಿ, ಬಾಗಿಲ ತಗಿ. ಗೋಡಿ ಉದುರಾಕತ್ತದ."

"ತಗ್ಯಂಗಿಲ್ಲ." ಸಣ್ಣ ದನಿ, ಆದರೆ ನಡುಗುತ್ತಿರಲಿಲ್ಲ. "ಬಾವ ಕಳಿಸ್ಯಾನೇನು ನಿಮ್ಮನ್ನ? ನಾ ಹೊರಗ ಕಾಲಿಟ್ಟರ ನಮ್ಮ ಪಾಲಿನ ಮನಿ ಹೋತು. ನಮ್ಮವ್ವ ಔಷಧಿಗಂತ ತಾಂಡೂರಿಗೆ ಹೋಗಿದ್ದ ನೋಡೇ ಮಂದಿ ಕರಕೊಂಡ ಬಂದಾನ. ನೀವ್ಯಾರು?"

ಆ ಪ್ರಶ್ನೆಗೆ ಹಲವು ಸುಳ್ಳುಗಳು ಬಾಯಿಗೆ ಬಂದವು. ಪಂಚಾಯಿತಿಯಾಕೆ ಎನ್ನಬಹುದಿತ್ತು, ದವಾಖಾನೆಯಾಕೆ ಎನ್ನಬಹುದಿತ್ತು. ತಲೆಯ ಮೇಲೆ ಜಂತೆ ಕಿರ್ರೆಂದಿತು.

"ನಿಮ್ಮ ಬಾಗಿಲ ಒಯ್ಯಾಕ ಬಂದಾಕಿ" ಎಂದೆ.

ಒಳಗೆ ಕೂಸನ್ನು ತಟ್ಟುವ ಸಪ್ಪಳ. ಆಮೇಲೆ, "ನನ್ನ ಕೇಳಿ ಒಯ್ತೀರೇನು?"

"ಕೇಳಿಲ್ಲ. ನೀ ಇದ್ದೀ ಅಂತನೇ ಗೊತ್ತಿರಲಿಲ್ಲ. ಈಗ ಕೇಳಾಕತ್ತೀನಿ. ಕೊಡ್ತೀಯೇನು?"

"ಕೊಡಂಗಿಲ್ಲ."

"ಹಂಗಾದ್ರ ಒಯ್ಯಂಗಿಲ್ಲ. ಕೂಸಿನ್ನ ತಗೊಂಡ ಬಾ ತಂಗಿ, ನಿನ್ನ ಕಾಲ ಬೀಳ್ತೀನಿ."

"ನಿಮ್ಮ ಮಾತು ಹೆಂಗ ನಂಬಲಿ? ಹೊರಗ ಬಂದ್ ಮ್ಯಾಲ ನೀವು ಗಾಡಿ ಹತ್ತಿ ಹೋಗ್ತೀರಿ. ಬಾಗಿಲಿಲ್ಲದ ಮನ್ಯಾಗ ನಾ ಕೂಸಿನ್ನ ಹೆಂಗ ಮಲಗಸ್ಲಿ?"

ಅದಕ್ಕೆ ಉತ್ತರ ಬಂದದ್ದು ಹೊರಗಿನಿಂದ. ಅಷ್ಟೂ ಹೊತ್ತು ಹಲ್ಲು ಕಚ್ಚಿ ನಿಂತಿದ್ದ ಮನುಷ್ಯ ಕೂಗಿ ಹೇಳಿದರು: "ತಂಗೀ! ನಾ ಈ ಚೌಕಟ್ಟು ಹಿಡಕೊಂಡ ನಿಂತಾಂವ ಮಾತಾಡಾಕತ್ತೀನಿ. ಇದನ್ನ ಇಲ್ಲೇ ಕೂಡಸ್ತೀನಿ. ಕೂಡಸೂತನಕ ನಾ ಇಲ್ಲಿಂದ ಹೋಗಂಗಿಲ್ಲ. ಆದ್ರ ಭಾಳ ಹೊತ್ತು ಹಿಡ್ಯಾಕ ಆಗಂಗಿಲ್ಲವ್ವಾ."

ಚಿಲಕ ಸರಿಯಿತು.

ಹೊಗೆಯ ನಡುವೆ ಒಬ್ಬ ಹುಡುಗಿ ನಿಂತಿದ್ದಳು. ನನ್ನ ಶಿವಲೀಲೆಗಿಂತ ಚಿಕ್ಕವಳು. ತಲೆಗೆ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿದ್ದಳು, ಎದೆಗೆ ಒಂದು ಗಂಟು ಅವಚಿಕೊಂಡಿದ್ದಳು. ಹೆಸರು ಪದ್ಮ ಎಂದು ಆಮೇಲೆ ತಿಳಿಯಿತು. ಅವಳು ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಅವಳ ತಲೆಯ ಮೇಲೆ ನನ್ನ ಎರಡೂ ತೋಳು ಕವಿದು, ಇಬ್ಬರೂ ಬಾಗಿ, ಒಂದೊಂದೇ ಹೆಜ್ಜೆ ಹಾಕಿದೆವು. ಹೊಸ್ತಿಲ ಬಳಿ ಮೌನೇಶ ಜಾಕ್ ತಿರುವುತ್ತಿದ್ದ. ಅವನ ಕೈ ಬೆವರಿಗೆ ಜಾರುತ್ತಿತ್ತು. ನನ್ನ ಬೆನ್ನ ಮೇಲೆ ಮಣ್ಣು ಬೀಳುತ್ತಿತ್ತು, ಮಧ್ಯೆ ಹೆಂಟೆಗಳು. ಗಂಡನ ಹೆಗಲ ಕೆಳಗೆ ನುಸುಳಿ, ಬಿಸಿಲಿಗೆ ಬಂದು, ಎದುರಿನ ಬೇವಿನಮರದ ಕಟ್ಟೆ ಮುಟ್ಟುವವರೆಗೂ ನಾನು ತೋಳು ತೆಗೆಯಲಿಲ್ಲ.

ಗೋಡೆ ಬೀಳಲಿಲ್ಲ. ಜಾಕ್ ಕಚ್ಚಿ ಹಿಡಿಯಿತು. ನಮ್ಮನೆಯವರು ಹೆಗಲು ತೆಗೆದು ಅಲ್ಲೇ ನೆಲಕ್ಕೆ ಕೂತರು. ಅಂಗಿ ಹರಿದು ಚರ್ಮ ಕಿತ್ತುಬಂದಿತ್ತು.

ಕಥೆ ಮುಗಿಯಿತೆಂದುಕೊಂಡಿರಾ? ನಿಜವಾದ ಹೆದರಿಕೆ ಆಮೇಲೆ. ಪದ್ಮ ಕಟ್ಟೆಯ ಮೇಲೆ ಬಾಗಿಲಿಗೆ ಎದುರಾಗಿ ಕೂತಳು, ಸೆರಗಿನ ಮರೆಯಲ್ಲಿ ಕೂಸಿಗೆ ಹಾಲು ಕೊಡುತ್ತ, ಕಣ್ಣು ಚೌಕಟ್ಟಿನಿಂದ ತೆಗೆಯದೆ. ವೆಂಕಟರೆಡ್ಡಿ ಟೆಂಪೋದ ಕೀಲಿ ಕಿತ್ತುಕೊಂಡ. "ಮಾತಾಡಿ ಮಾರೀನಿ. ಬಾಗಿಲ ಒಯ್ದೇ ಹೋಗಬೇಕು. ಇಲ್ಲಂದ್ರ ಗಾಡಿ ಊರು ಬಿಡಂಗಿಲ್ಲ" ಎಂದ. ಅವನ ಕಡೆಯ ನಾಲ್ಕು ಜನ ಸೇರಿದರು. ತೆಲುಗಿನಲ್ಲಿ ಜೋರು ಜೋರು ಮಾತು. ನನಗೆ ಅರ್ಧ ತಿಳಿಯಿತು, ತಿಳಿದ ಅರ್ಧವೇ ಸಾಕಾಗಿತ್ತು. ಆ ನಡುವೆ ನನ್ನ ಫೋನು.

"ಅವ್ವಾ, ಹೈದರಾಬಾದಿನವರು ಕೇಳಾಕತ್ತಾರ. ಲೋಡ್ ಆಯ್ತೇನು?" ಶಿವಲೀಲಾ.

"ಇಲ್ಲವ್ವಾ. ಆಗಂಗಿಲ್ಲ."

"ಆಗಂಗಿಲ್ಲ ಅಂದ್ರ? ನಾ ಮಾತು ಕೊಟ್ಟೀನಿ! ಅಪ್ಪ ಕೆಲಸ ಬಿಟ್ಟದ್ದು ಯಾತಕ್ಕ?"

ಫೋನು ಕಿವಿಯಲ್ಲಿಟ್ಟುಕೊಂಡೇ ಅವಳ ಅಪ್ಪನನ್ನು ನೋಡಿದೆ. ಅವರು ಆಗಲೇ ಎದ್ದು, ಯಾರ ಮಾತೂ ಕೇಳಿಸದವರಂತೆ, ಕೆಸರು ಕಲಸಲು ನೀರು ಹುಡುಕುತ್ತಿದ್ದರು. ಕೀಲಿ ಕಿತ್ತುಕೊಂಡವನನ್ನೇ ಹತ್ತಿರ ಹೋಗಿ ಕೇಳಿದರು: "ರೆಡ್ಡಿಯವರ, ಬಾವಿ ಎಲ್ಲದ್ರಿ? ಎರಡು ಕೊಡ ನೀರು ಬೇಕು." ಅಷ್ಟು ಜನರ ಎದುರು ನೀರು ಕೇಳಿದವನಿಗೆ ಇಲ್ಲ ಎನ್ನಲು ಆತನಿಗೆ ಬಾಯಿ ಬರಲಿಲ್ಲ. ನೀರು ತಂದವಳು ಅವನ ಹೆಂಡತಿಯೇ. ಕೊಡ ಇಳಿಸಿದವಳು ವಾಪಸು ಹೋಗದೆ ಪದ್ಮಳ ಪಕ್ಕದಲ್ಲಿ ಹೋಗಿ ಕೂತಳು. ಗಂಡನ ಕಡೆ ಒಂದು ಸಲ ನೋಡಿದಳು, ಅಷ್ಟೇ. ಆಮೇಲೆ ಜೋರು ಮಾತು ಕಡಿಮೆಯಾಯಿತು. ಒಬ್ಬೊಬ್ಬರಾಗಿ ಕರಗಿದರು.

ಹೆಗ್ಗಣದ ಬಿಲಗಳಿಗೆ ಕಲ್ಲು ತುಂಬಿ, ಕೆಸರು ಒತ್ತಿ, ಚೌಕಟ್ಟು ಕೂಡಿಸಿ, ಪಡಕು ಸಿಕ್ಕಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಹಿಂದಿನ ಬಾಗಿಲಿಗೆ ಪೇರಿಸಿದ್ದ ಕಲ್ಲುಗಳನ್ನೂ ನಮ್ಮನೆಯವರು ಮೌನೇಶನ ಜೊತೆ ಹೋಗಿ ಕಿತ್ತುಹಾಕಿದರು. ಆ ಹೊತ್ತಿಗೆ ತಾಂಡೂರಿನಿಂದ ಪದ್ಮಳ ತಾಯಿಯೂ ಬಂದಿದ್ದಳು. ಪದ್ಮ ಎದ್ದು ಹೋಗಿ ಎರಡೂ ಪಡಕು ಮುಚ್ಚಿ, ತೆಗೆದು, ಮತ್ತೆ ಮುಚ್ಚಿ ನೋಡಿದಳು. ನನಗೆ, "ಮತ್ತ ಬರಬ್ಯಾಡ್ರಿ ಅಕ್ಕಾ, ಇದರ ಸಲುವಾಗಿ" ಎಂದಳು. ಬರುವುದಿಲ್ಲ ಎಂದೆ. ಕೀಲಿ ಟೆಂಪೋದ ಸೀಟಿನ ಮೇಲೆ ಬಿದ್ದಿತ್ತು, ಯಾರು ಇಟ್ಟರೋ.

ಕಾಡಿನ ದಾರಿ ಹಿಡಿದು ಹೊರಟೆವು. ಚಿಂಚೋಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಮ್ಮನೆಯವರಿಗೆ ಹೆಗಲು ಬಿಗಿದುಹೋಗಿ ಕಪ್ಪು ಎತ್ತಲು ಆಗಲಿಲ್ಲ. ಬಸಿಯಲ್ಲಿ ಹಾಕಿ ನಾನೇ ಕುಡಿಸಿದೆ. ಮಗಳ ಮದುವೆಯ ಮಾತು ನಡೆಯುತ್ತಿರುವ ವಯಸ್ಸಿನಲ್ಲಿ, ಹೋಟೆಲಿನ ಬೆಂಚಿನ ಮೇಲೆ, ಎಲ್ಲರ ಎದುರು. ಮೌನೇಶ ಬೇರೆ ಕಡೆ ನೋಡಿದ.

ಹೈದರಾಬಾದಿನವರು ಕೈಬಿಟ್ಟರು. ಬಿಟ್ಟದ್ದಷ್ಟೇ ಅಲ್ಲ, ಮಾತಿಗೆ ನಿಲ್ಲದವರು ಎಂದು ಇತರರಿಗೂ ಹೇಳಿದರು. ಆ ಬೇಸಿಗೆ ಪೂರ್ತಿ ಶೆಡ್ಡಿನಲ್ಲಿ ನೊಣ ಹೊಡೆಯುತ್ತ ಕೂತಿದ್ದೆವು. ಶಿವಲೀಲಾ ನಮ್ಮೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಂದು ದಿನ ಅತ್ತೆಯವರು ರೊಟ್ಟಿ ಬಡಿಯುತ್ತ, ಯಾರಿಗೂ ಅಲ್ಲದ ಹಾಗೆ, "ಬಾಣಂತಿ ಮ್ಯಾಲ ಗೋಡಿ ಕೆಡವಿ ತಂದ ಅನ್ನ ನಮ್ಮ ಮನ್ಯಾಗ ಯಾರ ಉಣ್ತಿದ್ರು?" ಎಂದರು. ಅಷ್ಟು ವರ್ಷಗಳಲ್ಲಿ ನನ್ನ ಪರವಾಗಿ ಅವರು ಆಡಿದ ಮೊದಲ ಮಾತು. ಶಿವಲೀಲಾ ತಟ್ಟೆ ಬಿಟ್ಟು ಎದ್ದು ಹೋದಳು. ಮರುದಿನ ಬೆಳಿಗ್ಗೆ ನನಗಿಂತ ಮೊದಲು ಶೆಡ್ಡಿಗೆ ಬಂದು ಕಸ ಗುಡಿಸುತ್ತಿದ್ದಳು. ನಿಧಾನಕ್ಕೆ ಗಿರಾಕಿಗಳೂ ಬಂದರು. ಮೊದಲು ಬಂದವರು ಚಿಂಚೋಳಿ ಕಡೆಯ ಒಂದಿಷ್ಟು ಹೆಂಗಸರು, ತಮ್ಮ ಅತ್ತೆಯಂದಿರ ಹಿತ್ತಾಳೆ ಪಾತ್ರೆ ಹಿಡಿದು, "ಬಾಗಿಲ ವಾಪಸ್ ಕೂಡಿಸಿದವರು ನೀವೇನ್ರಿ?" ಎಂದು ಕೇಳಿಕೊಂಡು.

ಹೋದ ವರ್ಷ ಶಿವಲೀಲಾ ಫೋನು ಹಿಡಿದು ಓಡಿ ಬಂದಳು. ಹೈದರಾಬಾದಿನ ಒಂದು ಹೋಟೆಲಿನ ಚಿತ್ರ. ದೀಪಗಳ ನಡುವೆ ಆ ಬಾಗಿಲು. ಆ ಗಿಳಿಗಳು. ನನಗಾದದ್ದು ಏನೆಂದು ಮುಚ್ಚಿಡುವುದಿಲ್ಲ: ಮೊದಲು ಪದ್ಮಳ ನೆನಪಾಗಲಿಲ್ಲ. ಮೊದಲು ಆದದ್ದು ಬರೀ ಹೊಟ್ಟೆಕಿಚ್ಚು. ನಮ್ಮ ಕೈ ಬಿಟ್ಟು ಯಾರ ಕೈ ಹಿಡಿಯಿತು ಎಂಬ ವ್ಯಾಪಾರಿಯ ಉರಿ. ಅದು ತಣ್ಣಗಾದ ಮೇಲೆ ಹೆದರಿಕೆಯಾಯಿತು. ಆ ಹಳ್ಳಿಯವರನ್ನು ವಿಚಾರಿಸಿ ಪದ್ಮಳ ನಂಬರು ಹಿಡಿದೆ.

"ನಾನೇ ಕೊಟ್ಟೆ ಅಕ್ಕಾ" ಎಂದಳು. ಅಣ್ಣತಮ್ಮಂದಿರು ಹಿರಿಯರ ಮುಂದೆ ಕೂತು ಮನೆ ಹಂಚಿಕೊಂಡರಂತೆ. ಪದ್ಮಳ ಪಾಲಿನಲ್ಲಿ ಸಿಮೆಂಟಿನ ಮನೆ ಎದ್ದಿದೆಯಂತೆ. "ಬಾವ ಬಂದು ಕೇಳ್ದ. ಈ ಸಲ ಕೇಳ್ದ. ತೋರಣ ಬಿಚ್ಚಿ, ಅರಿಶಿಣ ತೊಳದು ಕೊಟ್ಟೆ. ನಿಮಗೇ ಕೊಡಬೇಕಂತಿತ್ತು. ಆದ್ರ ಮತ್ತ ಬರಬ್ಯಾಡ್ರಿ ಅಂತ ನಾನೇ ಅಂದಿದ್ದೆನಲ್ಲ." ಹಿಂದಿನಿಂದ ಒಂದು ಮಗು ಫೋನು ಕೊಡು ಕೊಡು ಎಂದು ರಚ್ಚೆ ಹಿಡಿದಿತ್ತು. ಇಬ್ಬರೂ ನಕ್ಕೆವು. ನನ್ನ ನಗು ಸ್ವಲ್ಪ ತಡವಾಗಿ ಬಂತು.

ಮೊನ್ನೆ ಚಿತ್ತಾಪುರಕ್ಕೆ ಹೋಗಿದ್ದೆವು. ಮನೆಯ ಯಜಮಾನರು ಹಳೆಯದನ್ನೆಲ್ಲ ಪಡಸಾಲೆಗೆ ತಂದು ಇಟ್ಟಿದ್ದರು. ಒಳ್ಳೆಯ ತೂಗುಮಣೆ, ಮುಚ್ಚಳದ ಅಡಿಕೆ ಡಬ್ಬಿಗಳು, ಮತ್ತೆ ಒಂದು ಕಟ್ಟಿಗೆಯ ಪೆಟ್ಟಿಗೆ. ನಾಲ್ಕೂ ಮೂಲೆಗೆ ಹಿತ್ತಾಳೆಯ ಬಳ್ಳಿ. ಒಳಗೆ ಕಾಲಿಟ್ಟಾಗಲೇ ನನ್ನ ಕಣ್ಣು ಬಿದ್ದದ್ದು ಅದರ ಮೇಲೆ. ನಾನು ಅವರಿಗೆ ಹೇಳಿ ಒಂದೊಂದೇ ಕೋಣೆ ನೋಡುತ್ತ ಹೋದೆ. ಯಜಮಾನರು ಬೇಸರದಿಂದ ಹಿಂದೆಯೇ ಬಂದರು. "ಸಾಮಾನ ಎಲ್ಲಾ ಹೊರಗೇ ಅದಾವಲ್ರಿ ಅಕ್ಕೋರ. ಒಳಗ ಏನ್ ಹುಡಕ್ಲಿಕತ್ತೀರಿ?"

"ಮಂದೀನ್ರಿ" ಎಂದೆ.

ಅಡುಗೆಮನೆಯಲ್ಲಿ ಅವರ ಸೊಸೆ ಜೋಳದ ಹಿಟ್ಟು ನಾದುತ್ತಿದ್ದಳು. ಪಕ್ಕದಲ್ಲಿ ಕೂತು, ಹೊರಗೆ ಏನೇನು ಇಟ್ಟಿದ್ದಾರೆಂದು ಹೇಳಿ, ಒಯ್ಯಬಹುದೇ ಎಂದು ಕೇಳಿದೆ. ಅವಳು ಮಾವನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿ ಬಹಳ ಹೊತ್ತು ನಾದಿದಳು. ಕಾಯುವುದು ಸುಲಭವಲ್ಲ, ಮನಸ್ಸಿನಲ್ಲಿ ನಾನು ಪೆಟ್ಟಿಗೆಗೆ ಆಗಲೇ ಶೆಡ್ಡಿನಲ್ಲಿ ಜಾಗ ಮಾಡಿಬಿಟ್ಟಿದ್ದೆ.

"ಆ ಪೆಟ್ಟಿಗಿ ಬಿಡ್ರಿ" ಎಂದಳು ಕೊನೆಗೆ, ತಲೆ ಎತ್ತದೆ. "ಬಾಕಿ ಒಯ್ರಿ."

ಹೊರಗೆ ಬಂದೆ. ನಮ್ಮನೆಯವರು ಪೆಟ್ಟಿಗೆಗೆ ಹಗ್ಗ ಬಿಗಿದು, ಎತ್ತಲು ಮೌನೇಶನನ್ನು ಕರೆಯುತ್ತಿದ್ದರು. ನನ್ನ ಮುಖ ನೋಡಿದರು.

"ಇಲ್ಲಂತೇನು?"

"ಇಲ್ಲಂತ್ರಿ."

ಅವರು ಒಂದು ಸಲ ಆ ಹಿತ್ತಾಳೆ ಬಳ್ಳಿಯ ಮೇಲೆ ಅಂಗೈ ಸವರಿದರು. ಆಮೇಲೆ ಮೊಣಕಾಲೂರಿ ಕೂತು ಗಂಟು ಬಿಚ್ಚತೊಡಗಿದರು.